ಟೆಕ್ನಿಕ್ಸ್ ಎಸ್‌ಎಲ್-1500ಸಿ: ನೆಂಟರು ಬಂದುಹೋಗುವ ಮನೆಯಲ್ಲಿ ಎಷ್ಟು ತಡೆಯುತ್ತದೆ?

ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ವಿಮರ್ಶೆಗಳಲ್ಲಿ ಸಾಮಾನ್ಯವಾಗಿ ದನಿ ಹೇಗಿದೆ, ಬೇಸ್ ಎಷ್ಟು ಗಟ್ಟಿಯಾಗಿದೆ, ಮೋಟಾರ್ ಸದ್ದು ಕೇಳುತ್ತದಾ ಅನ್ನುವ ಮಾತೇ ಇರುತ್ತದೆ. ಒಬ್ಬರೇ ಕೂತು ಕೇಳುವವರಿಗೆ ಅದು ಸಾಕು. ನಮ್ಮ ಮನೆಗೆ ಜನ ಬರುತ್ತಾರೆ, ಜಾಸ್ತಿಯೇ ಬರುತ್ತಾರೆ. ರೆಕಾರ್ಡ್ ತಿರುಗುವುದನ್ನು ನೋಡಿದರೆ ಯಾರಿಗೂ ಸುಮ್ನೆ ಕೂರಲು ಆಗುವುದಿಲ್ಲ. ಹತ್ತಿರ ಬರುತ್ತಾರೆ, ಬಗ್ಗಿ ನೋಡುತ್ತಾರೆ, ಆಮೇಲೆ ಕೈ ಹಾಕುತ್ತಾರೆ. ಹಾಗಾಗಿ ನಾನು ಇಲ್ಲಿ ಬರೆಯುತ್ತಿರುವುದು ಬೇರೆಯವರ ಕೈಗೆ ಸಿಕ್ಕಾಗ ಈ ಯಂತ್ರ ಎಷ್ಟು ತಡೆಯುತ್ತದೆ, ಮೊದಲು ಏನು ಕೆಡುತ್ತದೆ, ಕೆಟ್ಟದ್ದನ್ನು ಮನೆಯಲ್ಲೇ ಸರಿಮಾಡಬಹುದಾ ಎಂಬುದರ ಬಗ್ಗೆ.

ಈ ಮಾದರಿ 2019ರಲ್ಲಿ ಬಂತು. ನಾನು ಕೊಂಡು ವರ್ಷಗಳೇ ಆದವು. ಇದು ಡೈರೆಕ್ಟ್ ಡ್ರೈವ್, ಅಂದರೆ ಮೋಟಾರ್‌ಗೂ ರೆಕಾರ್ಡ್ ಕೂರುವ ತಟ್ಟೆಗೂ ನಡುವೆ ಬೆಲ್ಟ್ ಇಲ್ಲ. ಮೋಟಾರೇ ನೇರವಾಗಿ ತಟ್ಟೆಯನ್ನು ತಿರುಗಿಸುತ್ತದೆ. ಜೊತೆಗೆ ಆರ್ಟೊಫೋನ್ 2ಎಂ ರೆಡ್ ಕಾರ್ಟ್ರಿಡ್ಜ್ (ಮುಳ್ಳು ಕೂರುವ, ಅದರ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ ಪುಟ್ಟ ಭಾಗ) ಬರುತ್ತದೆ, ಆ ಸಣ್ಣ ಸಂಕೇತವನ್ನು ಆಂಪ್ಲಿಫೈಯರಿಗೆ ತಕ್ಕಷ್ಟು ಹೆಚ್ಚಿಸುವ ಫೋನೋ ಪ್ರೀಆಂಪ್ ಒಳಗೇ ಇದೆ. ದನಿಯ ಬಗ್ಗೆ ಒಂದೇ ಮಾತು: ವೇಗ ಅಲುಗಾಡುವುದಿಲ್ಲ, ವೀಣೆಯ ಉದ್ದನೆಯ ಮೀಟಿನಲ್ಲೂ ಸ್ವರ ತೇಲಿದಂತೆ ಅನಿಸುವುದಿಲ್ಲ. ನನಗೆ ಅಷ್ಟು ಸಾಕು.

ಈಗ ಕೈಗಳ ವಿಷಯ.

ಹೆಚ್ಚಿನವರು ಮೊದಲು ಮಾಡುವ ಕೆಲಸ, ತಿರುಗುತ್ತಿರುವ ತಟ್ಟೆಯ ಅಂಚಿಗೆ ಬೆರಳಿಟ್ಟು ನಿಲ್ಲಿಸಿ ನೋಡುವುದು. ಮಕ್ಕಳು ಮಾತ್ರ ಅಲ್ಲ, ದೊಡ್ಡವರೂ ಮಾಡುತ್ತಾರೆ. ನನ್ನ ಹಳೆಯ ಬೆಲ್ಟ್ ಪ್ಲೇಯರ್‌ನಲ್ಲಿ ಹೀಗೆ ಮಾಡಿದರೆ ಬೆಲ್ಟ್ ಜಾರುತ್ತಿತ್ತು, ಕೆಲವು ಸಲ ಕಳಚಿಯೇ ಹೋಗುತ್ತಿತ್ತು. ಇದರಲ್ಲಿ ಆ ಚಿಂತೆ ಇಲ್ಲ. ಬೆರಳು ತೆಗೆದ ಕ್ಷಣವೇ ಮತ್ತೆ ಸರಿಯಾದ ವೇಗಕ್ಕೆ ಬರುತ್ತದೆ. 1972ರಲ್ಲಿ ಬಂದ ಇದೇ ಮನೆತನದ ಎಸ್‌ಎಲ್-1200 ಡಿಜೆಗಳ ಕೈಯಲ್ಲಿ ದಶಕಗಳ ಕಾಲ ಬಾಳಿದ್ದಕ್ಕೆ ಇದೂ ಒಂದು ಕಾರಣ. 1500ಸಿ ಡಿಜೆ ಯಂತ್ರ ಅಲ್ಲ, ವೇಗ ಬದಲಿಸುವ ಸ್ಲೈಡರ್ ಇದರಲ್ಲಿಲ್ಲ. ಆದರೂ ತಟ್ಟೆಯ ವಿಷಯದಲ್ಲಿ ಅದೇ ಗಟ್ಟಿತನ ಇದೆ. ನಿಮಿಷಕ್ಕೆ 33 ಮತ್ತು 45 ಸುತ್ತಿನ ಬಟನ್‌ಗಳನ್ನು ಒಟ್ಟಿಗೆ ಒತ್ತಿದರೆ 78ಕ್ಕೆ ಹೋಗುತ್ತದೆ. ಮಕ್ಕಳು ಇದನ್ನು ತಾವಾಗಿಯೇ ಕಂಡುಹಿಡಿಯುತ್ತಾರೆ, ಗಾಯಕರ ದನಿ ಚಿಲಿಪಿಲಿ ಆದಾಗ ಬಿದ್ದು ಬಿದ್ದು ನಗುತ್ತಾರೆ. ಅದರಿಂದ ಏನೂ ಕೆಡುವುದಿಲ್ಲ. ನಾನು ತಡೆಯುವುದಿಲ್ಲ.

ನಿಜವಾದ ಅಪಾಯ ಇರುವುದು ಮುಳ್ಳಿನ ಕಡೆ. ತುದಿಯಲ್ಲಿರುವುದು ವಜ್ರವೇ, ಆದರೆ ಅದನ್ನು ಹಿಡಿದಿರುವ ಅಲ್ಯೂಮಿನಿಯಂ ಕಡ್ಡಿ ತೀರಾ ತೆಳ್ಳನೆಯದು. ಇಡೀ ಯಂತ್ರ ಎಷ್ಟೇ ಗಟ್ಟಿಯಾಗಿದ್ದರೂ ಕೊನೆಗೆ ರೆಕಾರ್ಡ್ ಮುಟ್ಟುವುದು ಆ ಕಡ್ಡಿಯ ತುದಿ. ಅದನ್ನು ಅಡ್ಡಡ್ಡ ತಳ್ಳಿದರೆ ಬಾಗುತ್ತದೆ. ಒಮ್ಮೆ ಬಾಗಿದ್ದನ್ನು ನೆಟ್ಟಗೆ ಮಾಡಲು ಹೋಗಬೇಡಿ, ಮುರಿಯುತ್ತದೆ.

ನಮ್ಮ ಮನೆಯಲ್ಲಿ ಮೊದಲ ಮುಳ್ಳು ಹೋಗಿದ್ದು ತುಂಟತನದಿಂದ ಅಲ್ಲ, ಪ್ರೀತಿಯಿಂದ. ಉಳಿದುಕೊಳ್ಳಲು ಬಂದಿದ್ದ ಹಿರಿಯರೊಬ್ಬರು ಬೆಳಿಗ್ಗೆ ಬೇಗ ಎದ್ದು, ಸುಮ್ಮನೆ ಕೂರುವುದೇಕೆ ಎಂದು ಹಾಲ್‌ನ ಧೂಳು ಒರೆಸಿದ್ದರು. ಟರ್ನ್‌ಟೇಬಲನ್ನೂ ಒರೆಸಿದರು. ಬಟ್ಟೆಯ ಎಳೆಗೆ ಮುಳ್ಳು ಸಿಕ್ಕಿಕೊಂಡಿತು, ಎಳೆದಾಗ ಕಡ್ಡಿ ಕಿತ್ತು ಬಂತು. ಅವರಿಗೆ ಗೊತ್ತೇ ಆಗಿರಲಿಲ್ಲ. ಮಧ್ಯಾಹ್ನ ರೆಕಾರ್ಡ್ ಹಾಕಲು ಹೋದಾಗ ಮುಳ್ಳಿನ ಜಾಗ ಖಾಲಿ. ನನಗೆ ಆ ಹೊತ್ತಿನಲ್ಲಿ ಆದ ಸಂಕಟ ಸಣ್ಣದಲ್ಲ. ಆದರೆ ಅವರಿಗೆ ಹೇಳಲಿಲ್ಲ. ಸಹಾಯ ಮಾಡಿದವರಿಗೆ ಏನಂತ ಹೇಳುವುದು? ರೆಕಾರ್ಡ್ ಪ್ಲೇಯರ್ ಇರುವ ಮನೆಗಳಲ್ಲಿ ಧೂಳು ಒರೆಸುವ ಬಟ್ಟೆ ಮುರಿದಷ್ಟು ಮುಳ್ಳುಗಳನ್ನು ಮಕ್ಕಳು ಮುರಿದಿರಲಾರರು ಅಂತ ನನಗೆ ಅನಿಸುತ್ತದೆ.

ಈ ಕಾರ್ಟ್ರಿಡ್ಜ್ ಆರಿಸಿದ್ದು ಎಷ್ಟು ಸರಿ ಅಂತ ಆವತ್ತು ಗೊತ್ತಾಯಿತು. 2ಎಂ ರೆಡ್ ಮೂವಿಂಗ್ ಮ್ಯಾಗ್ನೆಟ್ ಜಾತಿಯದು, ಅಂದರೆ ಮುಳ್ಳಿನ ಜೊತೆ ಪುಟ್ಟ ಅಯಸ್ಕಾಂತ ಅಲುಗಾಡುವಂಥದು. ಮುಳ್ಳಿನ ಭಾಗ ಪ್ರತ್ಯೇಕ, ಬೆರಳಿನಿಂದ ಮುಂದಕ್ಕೆ ಎಳೆದರೆ ಬಂದುಬಿಡುತ್ತದೆ, ಹೊಸದನ್ನು ಅದೇ ಜಾಗಕ್ಕೆ ತಳ್ಳಿದರೆ ಮುಗಿಯಿತು. ಸ್ಕ್ರೂ ಬಿಚ್ಚಬೇಕಿಲ್ಲ, ಕೋನ ಮತ್ತೆ ಅಳೆಯಬೇಕಿಲ್ಲ. ಅಯಸ್ಕಾಂತದ ಬದಲು ತಂತಿಸುರುಳಿ ಅಲುಗಾಡುವ ಮೂವಿಂಗ್ ಕಾಯಿಲ್ ಕಾರ್ಟ್ರಿಡ್ಜ್‌ಗಳಲ್ಲಿ ಸಾಮಾನ್ಯವಾಗಿ ಹೀಗೆ ಆಗುವುದಿಲ್ಲ. ಮುಳ್ಳು ಹೋದರೆ ಇಡೀ ಕಾರ್ಟ್ರಿಡ್ಜನ್ನೇ ಬದಲಿಸಬೇಕು, ಇಲ್ಲವೇ ರಿಪೇರಿಗೆ ಕಳಿಸಿ ಕಾಯಬೇಕು. ಅವುಗಳ ದನಿ ನನಗೂ ಇಷ್ಟ. ಆದರೆ ಜನ ಬರುವ ಮನೆಗೆ ನಾನು ತರುವುದಿಲ್ಲ. ಅದನ್ನು ತಂದರೆ ನಾನು ನೆಂಟರ ಜೊತೆ ಮಾತಾಡುವುದು ಬಿಟ್ಟು ಅವರ ಕೈಗಳನ್ನೇ ಕಾಯುತ್ತಾ ಕೂರಬೇಕಾಗುತ್ತದೆ.

ಇನ್ನೊಂದು ಕಾಟ ಸ್ಕ್ರ್ಯಾಚಿಂಗ್. ಟೀವಿಯಲ್ಲಿ, ಫೋನಿನಲ್ಲಿ ಡಿಜೆಗಳನ್ನು ನೋಡಿದ ಹುಡುಗರು ಮುಳ್ಳು ಮೇಲೆ ಇರುವಾಗಲೇ ರೆಕಾರ್ಡನ್ನು ಹಿಂದೆ ಮುಂದೆ ಎಳೆಯುತ್ತಾರೆ. ಡಿಜೆಗಳು ಬಳಸುವ ಕಾರ್ಟ್ರಿಡ್ಜ್ ಬೇರೆ. ಅದರ ಕಡ್ಡಿ ಗಡುಸು, ಮುಳ್ಳಿನ ಮೇಲಿನ ಭಾರವೂ 3-4 ಗ್ರಾಂ ಇಡುತ್ತಾರೆ, ತಟ್ಟೆಯ ಮೇಲೆ ಜಾರುವ ಬಟ್ಟೆ ಹಾಸಿರುತ್ತಾರೆ. ಇಲ್ಲಿ ಭಾರ 1.8 ಗ್ರಾಂ, ಕೆಳಗೆ ರಬ್ಬರ್ ಮ್ಯಾಟ್. ಹಿಂದಕ್ಕೆ ಎಳೆದರೆ ಮುಳ್ಳು ಗೆರೆಯಿಂದ ಹಾರಿ ರೆಕಾರ್ಡಿನ ಮೇಲೆಲ್ಲಾ ಗೀಚುತ್ತದೆ. ಮುಳ್ಳು ಹೋದರೆ ಹೊಸದು ಸಿಗುತ್ತದೆ. ರೆಕಾರ್ಡಿನ ಮೇಲೆ ಬಿದ್ದ ಗೀರು ಯಾವತ್ತೂ ಹೋಗುವುದಿಲ್ಲ, ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ ಟಕ್ ಅನ್ನುತ್ತದೆ. ಮತ್ತೆ ಅಚ್ಚಾಗದ ರೆಕಾರ್ಡ್ ಆಗಿದ್ದರೆ ಅಲ್ಲಿಗೆ ಆ ಹಾಡು ಹಾಗೇ. ಈ ಒಂದು ವಿಷಯದಲ್ಲಿ ನಾನು ಸಂಕೋಚ ಇಟ್ಟುಕೊಂಡಿಲ್ಲ. ಯಾರೇ ಆಗಲಿ, ಕೈ ಹೋಗುವ ಮೊದಲೇ "ಅದು ಬೇಡಪ್ಪ" ಎಂದು ನೇರವಾಗಿ ಹೇಳುತ್ತೇನೆ.

ಈ ಯಂತ್ರದಲ್ಲಿ ನೆಂಟರ ಕಾಲಕ್ಕೆ ತುಂಬಾ ಉಪಕಾರ ಮಾಡಿದ್ದು ಆಟೋ ಲಿಫ್ಟ್. ರೆಕಾರ್ಡಿನ ಒಂದು ಬದಿ ಮುಗಿದಾಗ ಆರ್ಮ್ (ಮುಳ್ಳು ಹಿಡಿದಿರುವ ಉದ್ದನೆಯ ತೋಳು) ತಾನಾಗಿಯೇ ಮೇಲೇಳುತ್ತದೆ. ಮಾತು ಜೋರಾಗಿರುವಾಗ ಹಾಡು ಮುಗಿದದ್ದು ಗೊತ್ತೇ ಆಗುವುದಿಲ್ಲ, ಅಲ್ವಾ? ಮೊದಲಿನ ಪ್ಲೇಯರ್‌ನಲ್ಲಿ ಮುಳ್ಳು ಕೊನೆಯ ಗೆರೆಯಲ್ಲಿ ಸುತ್ತುತ್ತಲೇ ಇರುತ್ತಿತ್ತು. ಅದನ್ನು ಗಮನಿಸಿದ ಯಾರೋ ಓಡಿಹೋಗಿ ಆರ್ಮನ್ನು ಗಬಕ್ಕನೆ ಹಿಡಿದು ಎತ್ತುತ್ತಿದ್ದರು. ಅನಾಹುತ ಆಗುತ್ತಿದ್ದದ್ದು ಆ ಗಡಿಬಿಡಿಯಲ್ಲೇ. ಈಗ ಓಡುವ ಕಾರಣವೇ ಇಲ್ಲ. ಆದರೆ ಒಂದು ಕೊರತೆ ಇದೆ. ಆರ್ಮ್ ಎದ್ದ ಮೇಲೂ ತಟ್ಟೆ ತಿರುಗುತ್ತಲೇ ಇರುತ್ತದೆ, ಆರ್ಮ್ ತನ್ನ ಜಾಗಕ್ಕೆ ವಾಪಸ್ ಹೋಗುವುದಿಲ್ಲ. ಎರಡನ್ನೂ ಕೈಯಿಂದಲೇ ಮಾಡಬೇಕು. ತಿರುಗುತ್ತಿರುವ ರೆಕಾರ್ಡನ್ನೇ ಎತ್ತಿಕೊಳ್ಳಲು ಹೋಗುವವರನ್ನು ಕಂಡಿದ್ದೇನೆ. ಆರ್ಮ್ ಎದ್ದಾಗ ಮೋಟಾರೂ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಪ್ರತಿ ಸಲ ಅನಿಸುತ್ತದೆ.

ಕ್ಯೂ ಲಿವರ್ ಬಗ್ಗೆ ಮಾತ್ರ ಪೂರ್ತಿ ಹೊಗಳಿಕೆ. ಅದನ್ನು ಕೆಳಗೆ ಮಾಡಿದರೆ ಆರ್ಮ್ ನಿಧಾನಕ್ಕೆ ಇಳಿಯುತ್ತದೆ. ಯಾರೇ ಒತ್ತಿದರೂ, ಎಷ್ಟೇ ಆತುರದಲ್ಲಿ ಒತ್ತಿದರೂ, ಇಳಿಯುವ ವೇಗ ಒಂದೇ. ನಾನು ಈಗ ರೆಕಾರ್ಡ್ ಹಾಕುವ ಆಸೆ ಇರುವವರಿಗೆ ಮೊದಲು ಲಿವರ್ ತೋರಿಸುತ್ತೇನೆ. ಲಿವರ್ ಎತ್ತಿ, ಆರ್ಮನ್ನು ಗೆರೆಯ ಮೇಲಕ್ಕೆ ತನ್ನಿ, ಲಿವರ್ ಇಳಿಸಿ, ಕೈ ತೆಗೆಯಿರಿ. ಇಷ್ಟೇ ಪಾಠ. ರೆಕಾರ್ಡನ್ನು ಅಂಚಿನಲ್ಲಿ ಮತ್ತು ನಡುವಿನ ಲೇಬಲ್‌ನಲ್ಲಿ ಮಾತ್ರ ಹಿಡಿಯಬೇಕು, ಗೆರೆ ಮುಟ್ಟಿದರೆ ಬೆರಳಿನ ಜಿಡ್ಡಿಗೆ ಧೂಳು ಅಂಟುತ್ತದೆ ಅನ್ನುವುದನ್ನೂ ಅದರ ಜೊತೆಗೇ ಹೇಳುತ್ತೇನೆ. ನಮ್ಮ ಅಕ್ಕನ ಮಗಳು ಈಗ ನನಗಿಂತ ನಯವಾಗಿ ಮುಳ್ಳು ಇಳಿಸುತ್ತಾಳೆ. "ಮಾಮ, ನೀವು ಕೂತಿರಿ, ನಾನು ಹಾಕ್ತೀನಿ" ಅಂದಾಗ ನಾನು ಎದ್ದು ನೋಡುವುದೂ ಇಲ್ಲ. ಮುಟ್ಟಬೇಡಿ ಅಂದವರ ಕೈ ನಾನು ಆಚೆ ಹೋದಾಗ ಮುಟ್ಟುತ್ತದೆ, ಅದೂ ಹೆದರಿ ಹೆದರಿ. ಕಲಿಸಿಕೊಟ್ಟವರ ಕೈ ಹೆದರುವುದಿಲ್ಲ. ಇಷ್ಟು ವರ್ಷಗಳಲ್ಲಿ ನನಗೆ ಅತ್ಯಂತ ಗಟ್ಟಿಯಾಗಿ ಅನಿಸಿದ್ದು ಇದು. ಹೊಸಬರೊಬ್ಬರಿಗೆ ಧೈರ್ಯವಾಗಿ ಕಲಿಸಬಹುದಾದ ಯಂತ್ರವೇ ನೆಂಟರಿರುವ ಮನೆಗೆ ಸರಿ. 1500ಸಿ ಅಂಥದ್ದು.

ಆರ್ಮ್ ಕೂರುವ ಜಾಗದಲ್ಲಿರುವ ಚಿಕ್ಕ ಕ್ಲಿಪ್ ಮಾತ್ರ ಕಣ್ಣಿಗೇ ಬೀಳುವುದಿಲ್ಲ. ಅದು ಹಾಕಿರುವಾಗಲೇ ಆರ್ಮನ್ನು ಎತ್ತಲು ನೋಡುತ್ತಾರೆ, ಬರದಿದ್ದರೆ ಇನ್ನೂ ಜೋರಾಗಿ ಎಳೆಯುತ್ತಾರೆ. ಆ ಬಲ ನೇರ ಆರ್ಮಿನ ಬೇರಿಂಗ್ ಮೇಲೆ ಬೀಳುತ್ತದೆ. ಮುಳ್ಳಿನ ಹಾಗೆ ಬೇರಿಂಗ್ ಮನೆಯಲ್ಲಿ ಬದಲಿಸುವ ವಸ್ತು ಅಲ್ಲ. ಜನ ಇರುವಾಗ ನಾನು ಕ್ಲಿಪ್ ತೆಗೆದೇ ಇಡುತ್ತೇನೆ. ಯಂತ್ರವನ್ನು ಆಚೆ ಈಚೆ ಸರಿಸುವಾಗ ಮಾತ್ರ ಹಾಕುತ್ತೇನೆ.

ಆರ್ಮಿನ ಹಿಂದೆ ಇರುವ ತೂಕದ ಗುಂಡು ಇನ್ನೊಂದು ದುರ್ಬಲ ಜಾಗ. ನೋಡಲು ವಾಲ್ಯೂಮ್ ತಿರುಪಿನ ಹಾಗೇ ಇದೆ, ಮೇಲೆ ಅಂಕಿಗಳೂ ಇವೆ. ಬಂದವರೊಬ್ಬರು ದನಿ ಜಾಸ್ತಿ ಮಾಡಲು ಅದನ್ನೇ ತಿರುಗಿಸಿದ್ದರು. ಅದು ತಿರುಗಿದರೆ ಮುಳ್ಳಿನ ಮೇಲಿನ ಭಾರ ಬದಲಾಗುತ್ತದೆ. ಭಾರ ಕಡಿಮೆಯಾದರೆ ಜೋರು ಭಾಗಗಳಲ್ಲಿ ದನಿ ಒಡೆಯುತ್ತದೆ, ಮುಳ್ಳು ಗೆರೆಯೊಳಗೆ ಸರಿಯಾಗಿ ಕೂರದೆ ಗೋಡೆಗಳಿಗೆ ಬಡಿಯುತ್ತದೆ. ಅಂದರೆ ಹಗುರ ಇಟ್ಟರೆ ರೆಕಾರ್ಡಿಗೆ ಒಳ್ಳೆಯದು ಅನ್ನುವುದು ತಪ್ಪು, ಹೇಳಿದ ಭಾರವೇ ಇರಬೇಕು. ಇದಕ್ಕೆ ಲಾಕ್ ಇಲ್ಲ. ಮುಳ್ಳಿನ ಭಾರ ಅಳೆಯುವ ಚಿಕ್ಕ ಡಿಜಿಟಲ್ ತಕ್ಕಡಿ ಒಂದು ಇಟ್ಟುಕೊಂಡಿದ್ದೇನೆ. ಎಲ್ಲರೂ ಹೊರಟ ಮೇಲೆ ಒಂದು ಸಲ ಅಳೆದುಬಿಡುತ್ತೇನೆ.

ಮುಚ್ಚಳ ಒಳ್ಳೆಯದು, ಆದರೆ ಮುಚ್ಚಿದ ತಕ್ಷಣ ಅದು ಸಾಮಾನು ಇಡುವ ಜಾಗ ಆಗಿಬಿಡುತ್ತದೆ. ಫೋನ್, ಕನ್ನಡಕ, ನೀರಿನ ಲೋಟ ಎಲ್ಲ ಬಂದು ಕೂರುತ್ತವೆ. ಪಕ್ಕದಲ್ಲೇ ಒಂದು ಪುಟ್ಟ ಮೇಜು ಹಾಕಿದೆ, ಆ ತೊಂದರೆ ತಾನಾಗಿಯೇ ನಿಂತಿತು. ಒಣಬಟ್ಟೆಯಲ್ಲಿ ಉಜ್ಜಿದರೆ ಮುಚ್ಚಳದ ಮೇಲೆ ಸಣ್ಣ ಗೀರು ಬೀಳುತ್ತದೆ, ಧೂಳೂ ಇನ್ನಷ್ಟು ಅಂಟುತ್ತದೆ. ಸ್ವಲ್ಪ ಒದ್ದೆ ಮಾಡಿದ ಮೆತ್ತನೆ ಬಟ್ಟೆ ಸಾಕು.

ಆಂಪ್ಲಿಫೈಯರ್, ಸ್ಪೀಕರ್ ಈ ವಿಮರ್ಶೆಯ ವಸ್ತು ಅಲ್ಲ, ಆದರೂ ಎರಡು ಮಾತು. ವಾಲ್ಯೂಮ್ ಪೂರ್ತಿ ತಿರುಗಿಸಿದಾಗ ಆಂಪ್ ತನ್ನ ಶಕ್ತಿ ಮೀರಿ ದನಿಯನ್ನು ಕತ್ತರಿಸತೊಡಗುತ್ತದೆ, ಆಗ ಮೊದಲು ಸುಡುವುದು ಸ್ಪೀಕರಿನಲ್ಲಿ ಕೀರಲು ಸದ್ದು ಹೊರಡಿಸುವ ಟ್ವೀಟರ್. ಆಂಪ್ ಚಿಕ್ಕದು, ಸ್ಪೀಕರಿಗೆ ಏನೂ ಆಗಲ್ಲ ಅನ್ನುವ ಧೈರ್ಯ ಬೇಡ. ಇನ್ನು ಟ್ವೀಟರಿನ ಆ ಪುಟ್ಟ ಗುಮ್ಮಟ ಕಂಡರೆ ಬೆರಳಿನಲ್ಲಿ ಒತ್ತದ ಮಗುವಿಲ್ಲ. ಸ್ಪೀಕರಿನ ಬಟ್ಟೆಯ ಮುಸುಕು ತೆಗೆದರೆ ದನಿ ಇನ್ನೂ ಚೆನ್ನ ಎಂದು ಹೇಳುವವರು ಹೇಳಲಿ, ಮನೆಗೆ ಮಕ್ಕಳು ಬಂದಾಗ ಮುಸುಕು ಹಾಕಿಯೇ ಇಡಿ.

ಯಾರು ಕೊಳ್ಳಬಹುದು? ಒಂದು ಯಂತ್ರ ತಂದು ವರ್ಷಗಟ್ಟಲೆ ಬಳಸಬೇಕು, ಬಂದವರಿಗೂ ಕೇಳಿಸಬೇಕು, ಅವರ ಕೈಯಲ್ಲೂ ಹಾಕಿಸಬೇಕು ಅನ್ನುವವರು ಕೊಳ್ಳಿ. ಯಾರಿಗೂ ಕಲಿಸುವ ತಾಳ್ಮೆ ಇಲ್ಲ, ಬಟನ್ ಒತ್ತಿದರೆ ಎಲ್ಲವೂ ತಾನಾಗಿಯೇ ಆಗಬೇಕು ಅನ್ನುವವರಿಗೆ ಪೂರ್ತಿ ಆಟೋಮ್ಯಾಟಿಕ್ ಪ್ಲೇಯರ್ ಬೇರೆ ಇವೆ, ಅದನ್ನೇ ತೆಗೆದುಕೊಳ್ಳುವುದು ಒಳ್ಳೆಯದು.

ಕೊಂಡರೆ, ಜೊತೆಗೇ ಇನ್ನೊಂದು ಮುಳ್ಳನ್ನೂ ತಂದಿಟ್ಟುಕೊಳ್ಳಿ. 2ಎಂ ರೆಡ್‌ನ ಮೈಗೆ 2ಎಂ ಬ್ಲೂ ಮುಳ್ಳು ಹಾಗೇ ಕೂರುತ್ತದೆ. ನಾನು ಒಬ್ಬನೇ ಕೇಳುವಾಗ ಬ್ಲೂ ಹಾಕುತ್ತೇನೆ, ಅದು ಸೂಕ್ಷ್ಮ ಸದ್ದುಗಳನ್ನು ಇನ್ನೂ ಚೆನ್ನಾಗಿ ಹೊರತರುತ್ತದೆ. ಮನೆ ತುಂಬುವ ದಿನ ಅದನ್ನು ತೆಗೆದು ಡಬ್ಬಿಯಲ್ಲಿಟ್ಟು ರೆಡ್ ಸಿಕ್ಕಿಸುತ್ತೇನೆ. ಎರಡಕ್ಕೂ ಭಾರ 1.8 ಗ್ರಾಂ, ಏನನ್ನೂ ಮತ್ತೆ ಹೊಂದಿಸಬೇಕಿಲ್ಲ, ಒಂದು ನಿಮಿಷದ ಕೆಲಸ. ರಾತ್ರಿ ಮಲಗುವ ಮುಂಚೆ ಮುಳ್ಳಿನ ಪ್ಲಾಸ್ಟಿಕ್ ಕವಚವನ್ನೂ ಹಾಕಿಡಿ, ಬೆಳಿಗ್ಗೆ ಮನೆಯಲ್ಲಿ ಮೊದಲು ಏಳುವವರು ನೀವೇ ಆಗಿರಬೇಕಿಲ್ಲವಲ್ಲ.