ಮೊದಲ ಸಾಲಿಗೆ 1,800 ರೂಪಾಯಿ: ಶಿರಸಿಯ ಒಂದು ಕಾದಂಬರಿ ಕಮ್ಮಟ

ಮೊದಲೇ ಹೇಳಿಬಿಡುತ್ತೇನೆ, ನಾನು ಸಾಹಿತ್ಯದವನಲ್ಲ. ಕಾರವಾರದ ಬೈತಖೋಲ ಬಂದರಿನ ಹತ್ತಿರ ಐಸ್ ಫ್ಯಾಕ್ಟರಿಯೊಂದರಲ್ಲಿ ಲೆಕ್ಕ ಬರೆಯುವವನು. ಹತ್ತೊಂಬತ್ತು ವರ್ಷವಾಯಿತು. ಮೂರು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಅಂದರೆ ಮೊದಲ ಅಧ್ಯಾಯವನ್ನೇ ಹನ್ನೊಂದು ಸಲ ಬರೆದಿದ್ದೇನೆ. ಈ ಕಮ್ಮಟಕ್ಕೆ ಹೋಗುವವರೆಗೆ ಎರಡನೆಯದು ಶುರುವೇ ಆಗಿರಲಿಲ್ಲ.

ಹಾಗಾಗಿ ಕಾದಂಬರಿಯ ಆರಂಭ ಬರೆಯುವುದು ಹೇಗೆ ಅಂತ ಶಿರಸಿಯಲ್ಲಿ ಎರಡು ದಿನದ ಕಮ್ಮಟ ಇದೆ ಎಂದು ವಾಟ್ಸಾಪಿನಲ್ಲಿ ಕಂಡಾಗ ಹಿಂದೆ ಮುಂದೆ ನೋಡದೆ ಹಣ ಕಟ್ಟಿದೆ. 1,800 ರೂಪಾಯಿ, ಊಟ ಚಹಾ ಸೇರಿ. ಉಳಿಯುವ ವ್ಯವಸ್ಥೆ ನಮ್ಮದೇ. ದೂರು ಇರುವುದರಿಂದ ನಡೆಸಿದವರ ಹೆಸರು ಬರೆಯುವುದಿಲ್ಲ.

ಬೆಳಗಿನ ಬಸ್ಸಿಗೆ ಕುಮಟಾ, ಅಲ್ಲಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ. ಮುಟ್ಟುವಾಗ ಒಂದು ತಾಸು ತಡ. ಅಷ್ಟರಲ್ಲಿ ಮೊದಲ ದಿನದ ಸರ್ ಮೈಕ್ ಹಿಡಿದಾಗಿತ್ತು. ಎಲ್ಲರಿಗೂ ಒಂದು ಜೆರಾಕ್ಸ್ ಹಾಳೆ ಹಂಚಿದ್ದರು. ಆರಂಭಿಸಲು ಹತ್ತು ದಾರಿ: ಹೆಣದಿಂದ, ಮಾತಿನಿಂದ, ಪ್ರಶ್ನೆಯಿಂದ, ಕನಸಿನಿಂದ, ಹೀಗೆ. ಮೊದಲ ಸಾಲಿನಲ್ಲೇ ಓದುಗನ ಜುಟ್ಟು ಹಿಡಿಯಬೇಕು ಅಂತ ಅವರ ವಾದ. ಚಹಾ ಆದ ಮೇಲೆ ಎಲ್ಲರೂ ಒಂದೊಂದು ಆರಂಭ ಬರೆದು ಓದಿದೆವು. ಹದಿನಾಲ್ಕು ಜನ, ಆರು ಹೆಣ. ಎರಡು ಬಾವಿಯಲ್ಲಿ, ಒಂದು ಅಡಿಕೆ ತೋಟದಲ್ಲಿ, ಒಂದು ಲಾಡ್ಜಿನಲ್ಲಿ, ಒಂದು ಜಾತ್ರೆಯ ತೊಟ್ಟಿಲ ಕೆಳಗೆ. ಆರನೆಯದು ನನ್ನದೇ, ಐಸ್ ತೊಟ್ಟಿಯಲ್ಲಿ. ಮೂರನೇ ಹೆಣಕ್ಕೆ ಜನ ನಗಲು ಶುರು ಮಾಡಿದ್ದರು. ಸತ್ತವನು ಯಾರು, ಬದುಕಿದ್ದಾಗ ಹೇಗಿದ್ದ ಅಂತ ಗೊತ್ತಿಲ್ಲದಿದ್ದರೆ ಅವನ ಹೆಣಕ್ಕೆ ಯಾರು ಮರುಗುತ್ತಾರೆ? ಸರ್‌ಗೆ ಇದು ಹೊಳೆದ ಹಾಗೆ ಕಾಣಲಿಲ್ಲ. "ಚೆನ್ನಾಗಿದೆ, ಮುಂದಿನವರು" ಅಂತಿದ್ದರು.

ಊಟದ ಬಗ್ಗೆ ದೂರಿಲ್ಲ. ಅಪ್ಪೆಹುಳಿಯನ್ನು, ಅಂದರೆ ಮಾವಿನಕಾಯಿಯ ತೆಳು ಸಾರನ್ನು, ಲೋಟದಲ್ಲಿ ಕೊಟ್ಟರು. ಮೀನಿಲ್ಲದೆ ಅನ್ನ ಇಳಿಯದ ನಾನು ಮೂರು ಲೋಟ ಕುಡಿದು ಮಧ್ಯಾಹ್ನವೆಲ್ಲ ತೂಕಡಿಸಿದೆ. ಆ ಹೊತ್ತಿನ ಭಾಷಣದಲ್ಲಿ ಏನಾದರೂ ಒಳ್ಳೆಯದಿದ್ದರೆ ತಪ್ಪು ನನ್ನದು.

ಎರಡನೇ ದಿನ ಬಂದವರು ಪುಸ್ತಕ ಸಂಪಾದನೆ ಮಾಡುವ ಒಬ್ಬ ಮೇಡಂ. ಹಾಳೆಗೀಳೆ ಏನಿಲ್ಲ. ಅನಂತಮೂರ್ತಿಯವರ 'ಸಂಸ್ಕಾರ'ದ ಮೊದಲ ಪುಟಗಳನ್ನು ಸುಮ್ನೆ ಓದಿದರು. 1965ರ ಪುಸ್ತಕ. ಅದರಲ್ಲೂ ಹೆಣ ಇದೆ, ಇಡೀ ಕಥೆ ನಡೆಯುವುದೇ ಹೆಣದ ಸುತ್ತ. ಆದರೆ ಪುಸ್ತಕ ಶುರುವಾಗುವುದು ಪ್ರಾಣೇಶಾಚಾರ್ಯರು ರೋಗಿ ಹೆಂಡತಿಗೆ ಸ್ನಾನ ಮಾಡಿಸುವುದರಿಂದ. ಆಮೇಲೆ ಪೂಜೆ, ತೀರ್ಥ, ಅವಳಿಗೆ ಗಂಜಿ. ದಿನಾ ಮಾಡುವ ಕೆಲಸ. ಇನ್ನೇನು ತಾವು ಊಟಕ್ಕೆ ಕೂರಬೇಕು, ಅಷ್ಟರಲ್ಲಿ ಅದೇ ಅಗ್ರಹಾರದ ನಾರಣಪ್ಪನ ಜೊತೆ ಬಾಳುತ್ತಿದ್ದ ಚಂದ್ರಿ ಬಂದು ಅವನು ಸತ್ತ ಸುದ್ದಿ ಹೇಳುತ್ತಾಳೆ. ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವ ಹಾಗಿಲ್ಲ. ಮೇಡಂ ಕೇಳಿದ್ದು ಒಂದೇ: "ಆ ಸ್ನಾನ, ಪೂಜೆ ತೆಗೆದುಹಾಕಿದರೆ ತಪ್ಪಿದ ಊಟಕ್ಕೆ ಏನು ಬೆಲೆ?" ನಾವು ಆರು ಹೆಣದವರೂ ತಲೆ ತಗ್ಗಿಸಿ ಕೂತೆವು.

ಆಮೇಲೆ ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ನನ್ನ ಕಾದಂಬರಿ ಕಾಳಿ ನದಿಯ ಸೂರ್ಯಾಸ್ತದಿಂದ ಶುರುವಾಗುತ್ತಿತ್ತು. ಒಂದೂವರೆ ಪುಟ. ಸದಾಶಿವಗಡದ ಗುಡ್ಡ, ಹಕ್ಕಿ, ಕೆಂಪು ನೀರು, ಎಲ್ಲ ಇತ್ತು. ಮೇಡಂ ಮಾತಾಡದೆ ಪುಟ ತಿರುವುತ್ತಾ ಹೋಗಿ ನಾಲ್ಕನೇ ಪುಟದ ಮಧ್ಯೆ ಪೆನ್ಸಿಲ್ ಇಟ್ಟರು. ಅಲ್ಲಿ ನಾನು ಏನೂ ಯೋಚಿಸದೆ ಬರೆದ ಸಾಲಿತ್ತು: "ಆಗಸ್ಟ್ 1ರಂದು ಐಸ್ ಕೇಳಲು ಯಾರೂ ಬರಲಿಲ್ಲ."

ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ಬಂದ್. ಅದು ಮುಗಿಯುವ ಹೊತ್ತಿಗೆ ಬೋಟಿನವರಿಗೆಲ್ಲ ಒಟ್ಟಿಗೇ ಐಸ್ ಬೇಕು. ಆ ದಿನ ನಮ್ಮಲ್ಲಿ ಜಗಳವಾಗದೆ ಇದ್ದದ್ದೇ ಇಲ್ಲ. ಅಂಥಾ ದಿನ ಗೇಟಿನ ಹತ್ತಿರ ಬೋಟು ನಡೆಸುವ ಒಬ್ಬ ತಾಂಡೇಲನೂ ಇಲ್ಲ ಅಂದರೆ?

ಮೇಡಂಗೆ ಈ ಬಂದ್ ವಿಷಯ ಗೊತ್ತೇ ಇರಲಿಲ್ಲ. "ಗೊತ್ತಿಲ್ಲದಿದ್ದರೂ ಏನೋ ಸರಿಯಿಲ್ಲ ಅಂತ ಗೊತ್ತಾಯ್ತು, ಅಷ್ಟು ಸಾಕು" ಅಂದರು. ಮುಂದಿನ ಪ್ಯಾರಾದಲ್ಲಿ ನಾನು ಸರ್ಕಾರಿ ಆದೇಶದ ತರಹ ನಿಷೇಧದ ವಿವರ ಬರೆದಿದ್ದೆ. ಅದನ್ನು ಅಡ್ಡಗೆರೆ ಎಳೆದು ಹೊಡೆದರು. ಅದರ ಬದಲು ಆ ಬೆಳಿಗ್ಗೆ ಫ್ಯಾಕ್ಟರಿಯಲ್ಲಿ ಯಾರು ಏನು ಮಾಡುತ್ತಿದ್ದರು ಬರೆಯಿರಿ ಅಂದರು. ಕ್ಯಾನಿನಿಂದ ಗಡ್ಡೆ ಬಿಡಿಸುವವನು, ಪುಡಿ ಮಾಡುವ ಮಷಿನ್ ಹತ್ತಿರ ನಿಂತವನು, ಖಾಲಿ ರಸೀದಿ ಪುಸ್ತಕ ಮುಂದಿಟ್ಟುಕೊಂಡ ಗುಮಾಸ್ತ. ನಮ್ಮ ಲೆಕ್ಕದಲ್ಲಿ ಆರಂಭ ಶಿಲ್ಕು ಅಂತ ಬರೆಯುತ್ತೇವೆ. ಕೈಯಲ್ಲಿ ಎಷ್ಟಿದೆಯೋ ಅಷ್ಟೇ ಬರೆಯಬೇಕು, ಜಾಸ್ತಿ ತೋರಿಸಿದರೆ ಮುಂದೆಲ್ಲೋ ಸಿಕ್ಕಿಬೀಳುತ್ತೇವೆ. ನನ್ನ ಸೂರ್ಯಾಸ್ತ ಅಂಥ ಸುಳ್ಳು ಶಿಲ್ಕಾಗಿತ್ತು. ಹತ್ತೊಂಬತ್ತು ವರ್ಷದಲ್ಲಿ ನಾನು ಒಂದು ಸಲವೂ ನಿಂತು ಸೂರ್ಯಾಸ್ತ ನೋಡಿಲ್ಲ. ಸಂಜೆ ನಮಗೆ ಲೋಡಿಂಗ್ ಹೊತ್ತು.

ಇನ್ನು ದೂರು. ಇಪ್ಪತ್ತು ನಿಮಿಷ ಅಂದದ್ದು ನನಗೆ ಇಪ್ಪತ್ತೈದಾಯಿತು, ಸಾಲಿನ ಕೊನೆಯಲ್ಲಿದ್ದವರಿಗೆ ಎಂಟೇ ನಿಮಿಷ. ಸಿದ್ದಾಪುರದಿಂದ ಬಂದ ಹಿರಿಯರೊಬ್ಬರು ಬೇಜಾರಾಗಿ ಚಹಾ ಕುಡಿಯದೇ ಹೋದರು. ಅವರೂ ಕಟ್ಟಿದ್ದು 1,800 ರೂಪಾಯಿಯೇ ಅಲ್ವಾ? ಮೊದಲ ದಿನದ ಭಾಷಣ ಅರ್ಧ ದಿನಕ್ಕೆ ಇಳಿಸಿ ಆ ಹೊತ್ತನ್ನು ಇದಕ್ಕೆ ಕೊಟ್ಟಿದ್ದರೆ ಯಾರೂ ಗೊಣಗುತ್ತಿರಲಿಲ್ಲ. ಎರಡನೇ ದಿನಕ್ಕೆ ಮಾತ್ರ ಬರುತ್ತೇನೆ, ಅರ್ಧ ಫೀ ತಗೊಳ್ಳಿ ಅಂದರೆ ಒಪ್ಪುವುದಿಲ್ಲವಂತೆ, ಕೇಳಿ ನೋಡಿದೆ.

ಹೋಗುವವರು ಮೊದಲ ಪುಟ ಮಾತ್ರ ಒಯ್ಯಬೇಡಿ, ಕಡಿಮೆಯೆಂದರೆ ಹತ್ತು ಪುಟ ಪ್ರಿಂಟ್ ಹಾಕಿಸಿ. ಮೇಡಂ ಮೊಬೈಲಿನಲ್ಲಿ ಓದುವುದಿಲ್ಲ. ಸಾಲಿನಲ್ಲಿ ಮುಂದೆ ಕೂರಿ. ನನ್ನ ಲೆಕ್ಕದಲ್ಲಿ ಕಮ್ಮಟಕ್ಕೆ ಐದಕ್ಕೆ ಮೂರು ಅಂಕ, ಆ ಮೂರೂ ಎರಡನೇ ದಿನದ್ದು.

ಪ್ರತಿಯೊಬ್ಬರಿಗೂ ಹದಿನೈದು ದಿನದಲ್ಲಿ ಬರಹದಲ್ಲಿ ಅಭಿಪ್ರಾಯ ಕಳಿಸುತ್ತೇವೆ ಅಂದಿದ್ದರು. ಎರಡು ತಿಂಗಳಾಯಿತು, ಬಂದಿಲ್ಲ. ಎರಡು ಸಲ ಫೋನ್ ಮಾಡಿದೆ. ಅಷ್ಟರಲ್ಲಿ ಎರಡನೇ ಅಧ್ಯಾಯದ ಆರು ಪುಟ ಆಗಿದೆ. ತಾಂಡೇಲರು ಯಾಕೆ ಬರಲಿಲ್ಲ ಅನ್ನುವುದು ನನಗೇ ಇನ್ನೂ ಸರಿಯಾಗಿ ಗೊತ್ತಾಗಿಲ್ಲ.