ಇಡಿಯಾಗಿ ಕೊಡುವುದೋ, ಕ್ಷೇತ್ರವಾರು ಹಂಚುವುದೋ?

ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ರಾಜ್ಯವೊಂದು ತನ್ನ ಎಲೆಕ್ಟೋರಲ್ ಮತಗಳನ್ನು (ಅಧ್ಯಕ್ಷರನ್ನು ಅಂತಿಮವಾಗಿ ಆರಿಸುವ, ಪ್ರತಿ ರಾಜ್ಯಕ್ಕೂ ನಿಗದಿಯಾದ ಮತಗಳನ್ನು) ಅಲ್ಲಿ ಗೆದ್ದವರಿಗೆ ಇಡಿಯಾಗಿ ಕೊಡುವುದು ಮೇಲೋ, ಹಂಚುವುದು ಮೇಲೋ ಎಂದು ಕೇಳಿದ್ದೀರಿ. ಸಂವಿಧಾನವು ಈ ಆಯ್ಕೆಯನ್ನು ರಾಜ್ಯದ ಶಾಸನಸಭೆಗೇ ಬಿಟ್ಟಿದೆ. 48 ರಾಜ್ಯಗಳು ಇಡಿಯಾಗಿ ಕೊಡುತ್ತವೆ; ಮೇನ್ ಮತ್ತು ನೆಬ್ರಾಸ್ಕ ಮಾತ್ರ ಎರಡು ಮತಗಳನ್ನು ರಾಜ್ಯದಲ್ಲಿ ಗೆದ್ದವರಿಗೂ ಉಳಿದವನ್ನು ಆಯಾ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರದಲ್ಲಿ ಗೆದ್ದವರಿಗೂ ಕೊಡುತ್ತವೆ.

ಪ್ರಭಾವವೇ ಮುಖ್ಯವಾದರೆ, ಪೈಪೋಟಿ ಬಿಗಿಯಾಗಿರುವ ರಾಜ್ಯಕ್ಕೆ ಇಡಿಗಂಟಿನ ಪದ್ಧತಿಯೇ ಲಾಭಕರ. 2000ರಲ್ಲಿ ಫ್ಲಾರಿಡಾದ ಅಂತರ ಕೇವಲ 537 ಮತಗಳು. ಅಷ್ಟರಿಂದಲೇ ಅಲ್ಲಿನ 25 ಎಲೆಕ್ಟೋರಲ್ ಮತಗಳೂ ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್ ಪಾಲಾಗಿ ಅಧ್ಯಕ್ಷ ಪದವಿಯೇ ನಿರ್ಧಾರವಾಯಿತು. ಡೆಮಾಕ್ರಟಿಕ್ ಪಕ್ಷದ ಎದುರಾಳಿ ಅಲ್ ಗೋರ್ ಅವರಿಗೆ ಅಲ್ಲಿ ಬಿದ್ದ ಸುಮಾರು 29 ಲಕ್ಷ ಮತಗಳಿಗೆ ಒಂದು ಎಲೆಕ್ಟೋರಲ್ ಮತವೂ ದಕ್ಕಲಿಲ್ಲ ಎಂಬುದು ಅದರ ಇನ್ನೊಂದು ಮುಖ.

ಒಂದೇ ಪಕ್ಷ ಸದಾ ಗೆಲ್ಲುವ ರಾಜ್ಯದ ಮಾತು ಬೇರೆ. ನೆಬ್ರಾಸ್ಕ ರಿಪಬ್ಲಿಕನ್ ಒಲವಿನದಾದರೂ ಒಮಾಹಾ ನಗರವಿರುವ 2ನೇ ಕ್ಷೇತ್ರವು 2008, 2020 ಮತ್ತು 2024ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಗೆ ಒಲಿದದ್ದರಿಂದ, ಆ ಒಂದೇ ಎಲೆಕ್ಟೋರಲ್ ಮತಕ್ಕಾಗಿ ಎರಡೂ ಪಕ್ಷಗಳು ಅಲ್ಲಿ ಬೆವರು ಸುರಿಸುತ್ತವೆ. ಆದರೆ ಹಂಚಿಕೆಯಾದಲ್ಲಿ ಕ್ಷೇತ್ರದ ಗಡಿ ಗೀಚುವವರ ಕೈಚಳಕಕ್ಕೆ ಅಧ್ಯಕ್ಷೀಯ ಚುನಾವಣೆಯೂ ಸಿಲುಕುತ್ತದೆ. ರಾಜ್ಯದ ಗಡಿಯನ್ನು ಹಾಗೆ ತಿದ್ದಲಾಗದು. ಆದ್ದರಿಂದ ಸ್ವತಂತ್ರ ಆಯೋಗವು ಕ್ಷೇತ್ರಗಳನ್ನು ರಚಿಸುವ ರಾಜ್ಯಕ್ಕೆ ಹಂಚಿಕೆ ಒಪ್ಪುತ್ತದೆ. ಆಳುವ ಪಕ್ಷವೇ ರಚಿಸುವಲ್ಲಿ ಇಡಿಯಾಗಿ ಕೊಡುವುದರಲ್ಲೇ ಅಪಾಯ ಕಡಿಮೆ ಎಂದು ನನ್ನ ಎಣಿಕೆ.