ನಾರ್ಡಿಕಾ ಎನ್‌ಫೋರ್ಸರ್ 94 ಸ್ಕೀ: ಐದು ಸೀಸನ್ ಬಳಸಿದ ಮೇಲೆ

2020ರ ನವೆಂಬರ್‌ನಲ್ಲಿ ಡೆನ್ವರ್‌ನಲ್ಲಿ ಈ ಸ್ಕೀ ತಗೊಂಡೆ. 172 ಸೆಂ.ಮೀ. ಉದ್ದ, ಪಾದದ ಕೆಳಗೆ 94 ಮಿ.ಮೀ. ಅಗಲ, ಮೇಲೆ ಬೂಟನ್ನು ಸ್ಕೀಗೆ ಹಿಡಿದಿಡುವ ಮಾರ್ಕರ್ ಗ್ರಿಫನ್ 13 ಬೈಂಡಿಂಗ್. ಐದು ಸೀಸನ್ ಆಯ್ತು, ಎಲ್ಲ ಸೇರಿಸಿದರೆ ನೂರು ದಿನ ದಾಟಿದೆ. ಹೆಚ್ಚಾಗಿ ಕೊಲೊರಾಡೊದ ಸ್ಕೀ ತಾಣಗಳಾದ ಲವ್‌ಲ್ಯಾಂಡ್ ಮತ್ತು ಅರಾಪಹೋ ಬೇಸಿನ್, ಒಂದು ಸಲ ಗುಲ್ಮರ್ಗ್‌ಗೂ ಹೊತ್ತುಕೊಂಡು ಹೋಗಿದ್ದೆ. ಇವತ್ತು ಮತ್ತೆ ಕೊಳ್ಳುವುದಾದರೂ ಇದನ್ನೇ ಕೊಳ್ಳುತ್ತೇನೆ. ಆದರೆ ಇಷ್ಟು ದಿನ ಚೆನ್ನಾಗಿ ಓಡಿದ್ದಕ್ಕೆ ಅರ್ಧ ಕಾರಣ ಸ್ಕೀ, ಉಳಿದರ್ಧ ಪ್ರತಿ ಸಲ ಮನೆಗೆ ಬಂದ ಮೇಲೆ ಅದಕ್ಕೆ ಕೊಡುವ ಹತ್ತು ನಿಮಿಷ.

ಇದನ್ನು ಕೊಳ್ಳುವ ಮೊದಲು ಎರಡು ವರ್ಷ ಬಾಡಿಗೆ ಸ್ಕೀಯಲ್ಲೇ ಕಲಿತೆ. ಅದು ಒಳ್ಳೆಯದೇ ಆಯ್ತು, ಯಾಕಂದ್ರೆ ನನಗೆ ಎಂಥ ಹಿಮ ಇಷ್ಟ ಅಂತ ಆಮೇಲೆ ತಾನೇ ಗೊತ್ತಾಗೋದು. ನಿಂತಾಗ ಗಲ್ಲದಿಂದ ಹಣೆವರೆಗೆ ಬರುವ ಉದ್ದ ನೋಡಿ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಅದು ಶುರು ಮಾಡೋಕೆ ಸಾಕು, ಆದರೆ ತೂಕ ಮತ್ತು ವೇಗ ಕೂಡ ಅಷ್ಟೇ ಮುಖ್ಯ. ನಾನು 173 ಸೆಂ.ಮೀ., 70 ಕೆಜಿ. ಆಗ ಈ ಸ್ಕೀ 165ರಲ್ಲೂ ಸಿಗುತ್ತಿತ್ತು. ಆದರೆ ಇದರ ಮೂತಿ ಮತ್ತು ಬಾಲ ಎರಡೂ ಸ್ವಲ್ಪ ಮೇಲಕ್ಕೆ ಬಾಗಿವೆ, ಹಾಗಾಗಿ ಗಟ್ಟಿ ಹಿಮಕ್ಕೆ ತಾಗುವ ಭಾಗ ಅಳತೆಗಿಂತ ಕಡಿಮೆ. ಅದಕ್ಕೇ 172 ಆರಿಸಿದೆ. ಯಂತ್ರ ಹಾಯಿಸಿ ಹದ ಮಾಡಿದ ಇಳಿಜಾರಿನಲ್ಲೇ ಇರುವವರಿಗೆ 75ರಿಂದ 85 ಮಿ.ಮೀ. ಅಗಲ ಸಾಕು, ಆಳದ ಹೊಸ ಹಿಮ ಹುಡುಕಿಕೊಂಡು ಹೋಗುವವರಿಗೆ 100ರ ಮೇಲೆ ಬೇಕು. ಕೊಲೊರಾಡೊದಲ್ಲಿ ಒಂದೇ ವಾರದಲ್ಲಿ ಎರಡೂ ಸಿಗುತ್ತೆ, ಅಲ್ವಾ? 94 ನಡುವಿನ ದಾರಿ.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ದುಡ್ಡು ಕಡಿಮೆ ಇದ್ದರೆ ಅದನ್ನು ಬೂಟಿಗೆ ಹಾಕಿ. ಕಾಲಿಗೆ ಸರಿಯಾಗಿ ಕೂರದ ಬೂಟಿನಲ್ಲಿ ಎಷ್ಟು ಒಳ್ಳೆಯ ಸ್ಕೀಯೂ ಮಾತು ಕೇಳಲ್ಲ. ಸ್ಕೀ ಸೆಕೆಂಡ್‌ಹ್ಯಾಂಡ್ ಆದರೂ ನಡೆಯುತ್ತೆ. ಎಡ್ಜ್ (ತಳದ ಎರಡೂ ಅಂಚಿಗಿರುವ ಉಕ್ಕಿನ ಪಟ್ಟಿ) ಇನ್ನೂ ದಪ್ಪ ಇದೆಯಾ, ಪದರ ಎಲ್ಲಾದರೂ ಬಿಟ್ಟಿದೆಯಾ ನೋಡಿಕೊಳ್ಳಿ. ಬೈಂಡಿಂಗ್ ತೀರಾ ಹಳೆಯದಾಗಿದ್ದರೆ ಅಂಗಡಿಯವರು ಅದನ್ನು ಮುಟ್ಟೋದೇ ಇಲ್ಲ, ಯಾಕಂದ್ರೆ ಕಂಪನಿಗಳು ತಾವು ಹೊಣೆ ಹೊರುವ ಮಾದರಿಗಳ ಪಟ್ಟಿ ಇಟ್ಟಿರುತ್ತವೆ, ಹಳೆಯವನ್ನು ಅದರಿಂದ ಕೈಬಿಡುತ್ತಾ ಹೋಗುತ್ತವೆ.

ಓಟದ ಬಗ್ಗೆ: ಮರದ ತಿರುಳು, ಅದರ ಮೇಲೂ ಕೆಳಗೂ ಲೋಹದ ಹಾಳೆ. ಮಧ್ಯಾಹ್ನದ ಹೊತ್ತಿಗೆ ಜನ ತುಳಿದು ಗಡ್ಡೆಗಡ್ಡೆಯಾದ ಹಿಮದ ಮೇಲೂ ಇದು ನಡುಗುವುದಿಲ್ಲ. ಆ ನೆಮ್ಮದಿಯ ಬೆಲೆ ತೂಕ. ಬೈಂಡಿಂಗ್ ಸೇರಿ ಜೋಡಿ ಸುಮಾರು 6 ಕೆಜಿ. ಹಿಮದ ಗುಬ್ಬಗಳ ನಡುವೆ ಚಕಚಕ ತಿರುಗಬೇಕಾದಾಗ ತೊಡೆ ಉರಿಯುತ್ತೆ. ಈಗಷ್ಟೇ ಕಲಿಯುವವರಿಗೆ ಇದು ಬೇಡ.

ಇನ್ನು ಆರೈಕೆ. ಮೊದಲ ಸೀಸನ್‌ನಲ್ಲಿ ಸ್ಕೀಯನ್ನು ಕಾರಿನ ಮೇಲೆ ಹಾಗೇ ಕಟ್ಟಿಕೊಂಡು ಐ-70 ಹೆದ್ದಾರಿಯಲ್ಲಿ ಓಡಾಡುತ್ತಿದ್ದೆ. ಇಲ್ಲಿ ಮಂಜುಗಡ್ಡೆ ಕರಗಿಸಲು ರಸ್ತೆಗೆ ಮೆಗ್ನೀಷಿಯಂ ಕ್ಲೋರೈಡ್ ಸಿಂಪಡಿಸುತ್ತಾರೆ. ಮುಂದಿನ ಲಾರಿಯ ಚಕ್ರದಿಂದ ಚಿಮ್ಮಿದ ಆ ಕೊಳೆ ನೀರು ಎಡ್ಜಿಗೂ ಬೈಂಡಿಂಗ್‌ನ ಸ್ಪ್ರಿಂಗಿಗೂ ಹೊಕ್ಕಿತು. ಒಂದು ವಾರ ಗ್ಯಾರೇಜಿನಲ್ಲಿ ಹಾಗೇ ಬಿಟ್ಟೆ. ತೆಗೆದು ನೋಡಿದರೆ ಎರಡೂ ಎಡ್ಜ್ ಕಿತ್ತಳೆ ಬಣ್ಣ. ಹೊಸ ಸ್ಕೀ, ನೋಡಿ ತುಂಬಾ ಬೇಜಾರಾಯ್ತು. ಮೇಲಿನ ತುಕ್ಕನ್ನು ರಬ್ಬರಿನಂಥ ಕಲ್ಲಿನಿಂದ ಉಜ್ಜಿ ತೆಗೆದೆ, ಆದರೆ ಒಂದೆರಡು ಕಡೆ ಸಣ್ಣ ಗುಳಿ ಹಾಗೇ ಉಳಿದಿದೆ. ಅವತ್ತಿನಿಂದ ಸ್ಕೀ ಕಾರಿನ ಒಳಗೇ, ಸೀಟು ಮಡಚಿ. ಮೇಲೆ ಕಟ್ಟಲೇಬೇಕಿದ್ದರೆ ಮುಚ್ಚಿದ ಡಬ್ಬಿಯಲ್ಲಿ ಅಥವಾ ಚೀಲದಲ್ಲಿ. ಮನೆಗೆ ಬಂದ ತಕ್ಷಣ ಸಿಹಿನೀರಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆ. ಬೈಂಡಿಂಗಿಗೆ ಜೋರಾಗಿ ನೀರು ಹೊಡೆಯಬೇಡಿ, ಒಳಗಿನ ಗ್ರೀಸ್ ಹೋಗುತ್ತೆ.

ಎಡ್ಜ್ ಹರಿತ ಇದೆಯಾ ಅಂತ ನೋಡೋಕೆ ಉಗುರನ್ನು ಅದಕ್ಕೆ ಅಡ್ಡಲಾಗಿ ಎಳೆಯುತ್ತೇನೆ. ಉಗುರಿನಿಂದ ತೆಳು ಪುಡಿ ಎದ್ದರೆ ಸಾಕು. ಊರಲ್ಲಿ ಅಜ್ಜಿ ಈಳಿಗೆಮಣೆಯ ಅಲಗನ್ನು ನೋಡುತ್ತಿದ್ದದ್ದೂ ಹೀಗೇ. ನಾಲ್ಕೈದು ದಿನ ಆಡಿದ ಮೇಲೆ ವಜ್ರದ ಸಾಣೆಕಲ್ಲನ್ನು ಕೋನ ಹಿಡಿದಿಡುವ ಅಚ್ಚಿನಲ್ಲಿ ಸಿಕ್ಕಿಸಿ ಎಡ್ಜಿನ ಪಕ್ಕಕ್ಕೆ ಮಾತ್ರ ಉಜ್ಜುತ್ತೇನೆ. ಎಡ್ಜಿನ ಕೋನ ಪಕ್ಕಕ್ಕೆ 2 ಡಿಗ್ರಿ, ತಳಕ್ಕೆ 1 ಡಿಗ್ರಿ ಇಟ್ಟಿದ್ದೇನೆ. ತಳದ ಕೋನಕ್ಕೆ ಮನೆಯಲ್ಲಿ ಕೈ ಹಾಕುವುದಿಲ್ಲ. ಅಲ್ಲಿ ಜಾಸ್ತಿ ಉಜ್ಜಿದರೆ ಸರಿಮಾಡಲು ಇಡೀ ಬೇಸನ್ನೇ, ಅಂದರೆ ಸ್ಕೀಯ ತಳವನ್ನೇ ತರಿಯಬೇಕು, ಬೇಸ್ ಅಷ್ಟೊಂದು ದಪ್ಪ ಇರಲ್ಲ.

ಬೇಸ್ ಚೆನ್ನಾಗಿ ಜಾರಲು ಹಚ್ಚುವ ವ್ಯಾಕ್ಸ್ (ಮೇಣ) ನಾನೇ ಹಾಕುತ್ತೇನೆ. ಬಟ್ಟೆಯ ಇಸ್ತ್ರಿಪೆಟ್ಟಿಗೆ ಬೇಡ, ಅದರ ಬಿಸಿ ಏರಿಳಿಯುತ್ತೆ, ವ್ಯಾಕ್ಸ್ ಹಾಕೋಕೆಂದೇ ಇರುವ ಪೆಟ್ಟಿಗೆ ಬಳಸಿ. ವ್ಯಾಕ್ಸ್‌ನಿಂದ ಹೊಗೆ ಎದ್ದರೆ ಬಿಸಿ ಜಾಸ್ತಿ ಆಯ್ತು ಅಂತಲೇ ಅರ್ಥ. ಪೆಟ್ಟಿಗೆ ಒಂದೇ ಕಡೆ ನಿಲ್ಲಬಾರದು, ಓಡುತ್ತಲೇ ಇರಬೇಕು. ಆರಿದ ಮೇಲೆ ಪ್ಲಾಸ್ಟಿಕ್ ಹಲಗೆಯಿಂದ ಕೆರೆದು ಬ್ರಶ್ ಹೊಡೆದರೆ ಬೇಸ್ ಕರ್ರಗೆ ಹೊಳೆಯುತ್ತೆ, ಆ ಹೊಳಪು ನೋಡೋದೇ ಒಂದು ಖುಷಿ. ಫ್ಲೋರಿನ್ ಇರುವ ವ್ಯಾಕ್ಸ್ ಬಿಟ್ಟುಬಿಡಿ. ಅದು ನೆಲದಲ್ಲಿ, ನೀರಿನಲ್ಲಿ ನಾಶವಾಗದೆ ಉಳಿಯುವ ವಿಷ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಕೂಡ 2023-24ರ ಸೀಸನ್‌ನಿಂದ ಸ್ಪರ್ಧೆಗಳಲ್ಲಿ ಅದನ್ನು ನಿಲ್ಲಿಸಿದೆ.

ಬಿದ್ದಾಗ ಬೈಂಡಿಂಗ್ ಬೂಟನ್ನು ಬಿಡುವ ಬಿಗಿ ತೂಕ, ಎತ್ತರ, ವಯಸ್ಸು, ಬೂಟಿನ ಉದ್ದ, ಓಡಿಸುವ ರೀತಿ ಎಲ್ಲ ನೋಡಿ ಇಡುವಂಥದ್ದು. ಗೆಳೆಯ ಹೇಳಿದ ಅಂತ ತಿರುಗಿಸಬೇಡಿ, ಅಲ್ಲಿ ತಪ್ಪಾದರೆ ಹೋಗುವುದು ಮೊಣಕಾಲು. ವರ್ಷಕ್ಕೊಮ್ಮೆ ಬೂಟಿನ ಜೊತೆ ಕೊಟ್ಟು ಪರೀಕ್ಷೆ ಮಾಡಿಸುತ್ತೇನೆ. ಬೂಟು ಹಾಕಿಕೊಂಡು ಡಾಂಬರಿನ ಮೇಲೆ ತುಂಬಾ ನಡೆದರೆ ಅಟ್ಟೆ ಸವೆಯುತ್ತೆ, ಆಗ ಬೈಂಡಿಂಗ್ ಬಿಡುವ ಲೆಕ್ಕವೂ ತಪ್ಪುತ್ತೆ.

ಗುಲ್ಮರ್ಗ್‌ಗೆ ಹೋದಾಗ ಮೊದಲು ಬೆಂಗಳೂರಿಗೆ ಬಂದು, ತಮ್ಮನನ್ನು ಕರೆದುಕೊಂಡು ಶ್ರೀನಗರಕ್ಕೆ ಹಾರಿದೆ. ಅಮೆರಿಕದ ಹಲವು ಏರ್‌ಲೈನ್‌ಗಳು ಸ್ಕೀ ಚೀಲ ಮತ್ತು ಬೂಟಿನ ಚೀಲ ಎರಡನ್ನೂ ಸೇರಿಸಿ ಒಂದೇ ಲಗೇಜ್ ಅಂತ ಲೆಕ್ಕ ಹಾಕುತ್ತವೆ, ಒಟ್ಟು 23 ಕೆಜಿ ದಾಟಬಾರದು ಅಷ್ಟೇ. ಭಾರತದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ 15 ಕೆಜಿ. ಸ್ಕೀ, ಕೋಲು, ಚೀಲಕ್ಕೇ 10 ಕೆಜಿ ಹೋಗುತ್ತೆ. ಹೆಚ್ಚುವರಿ ತೂಕವನ್ನು ಮೊದಲೇ ಆನ್‌ಲೈನ್‌ನಲ್ಲಿ ತಗೊಂಡಿದ್ದರಿಂದ ಕೌಂಟರಿನಲ್ಲಿ ತೊಂದರೆ ಆಗಲಿಲ್ಲ. ಬೂಟು ಮಾತ್ರ ಕೈಚೀಲದಲ್ಲೇ. ಸ್ಕೀ ಕಳೆದರೆ ಬಾಡಿಗೆಗೆ ಸಿಗುತ್ತೆ, ನಿಮ್ಮ ಕಾಲಿಗೆ ಹದವಾದ ಬೂಟು ಸಿಗಲ್ಲ. ಮೂತಿ, ಬಾಲಕ್ಕೆ ಜಾಕೆಟ್ ಸುತ್ತಿ, ಎರಡು ಬೇಸ್‌ಗಳ ನಡುವೆ ಬಟ್ಟೆ ಇಟ್ಟಿದ್ದೆ, ಒಂದು ಗೀರೂ ಬೀಳಲಿಲ್ಲ. ತಂಗ್‌ಮರ್ಗ್‌ನಿಂದ ಮೇಲಕ್ಕೆ ಚಕ್ರಕ್ಕೆ ಸರಪಳಿ ಕಟ್ಟಿದ ಜೀಪಿನ ಮೇಲೆ ಚೀಲ ಹೋಯ್ತು. ಅಪರ್ವಟ್ ಶಿಖರದ ಮೇಲಿನ ಆಳದ ಹಿಮಕ್ಕೆ 94 ಸಾಲದು, ಅಲ್ಲಿಗೇ ಅಂತ ಹೋಗುವವರು ಅಗಲದ ಸ್ಕೀಯನ್ನು ಅಲ್ಲೇ ಬಾಡಿಗೆಗೆ ತಗೊಳ್ಳಿ.

ಸೀಸನ್ ಮುಗಿದ ದಿನ ಎಡ್ಜ್ ಒರೆಸಿ, ಬೇಸ್ ಮೇಲೆ ದಪ್ಪಗೆ ವ್ಯಾಕ್ಸ್ ಹಾಕಿ, ಎಡ್ಜೂ ಮುಚ್ಚುವ ಹಾಗೆ ಹರಡಿ, ಕೆರೆಯದೆ ಬಿಡುತ್ತೇನೆ. ಬಿಗಿಯಾಗಿ ಜೋಡಿಸಿ ಕಟ್ಟುವುದಿಲ್ಲ, ಬೇಸಿಗೆಯಲ್ಲಿ ಗ್ಯಾರೇಜ್ ಕಾದು ಬಿಸಿಯಾಗುವುದರಿಂದ ಅಲ್ಲೂ ಇಡುವುದಿಲ್ಲ. ಈಗ ಮಂಚದ ಕೆಳಗಿದೆ. ನವೆಂಬರ್‌ನಲ್ಲಿ ತೆಗೆದು ಆ ವ್ಯಾಕ್ಸ್ ಕೆರೆದು, ಬೈಂಡಿಂಗ್ ಪರೀಕ್ಷೆಗೆ ಕೊಟ್ಟರೆ ಆಯ್ತು, ಲವ್‌ಲ್ಯಾಂಡ್‌ಗೆ ಹೊರಡಬಹುದು.